ಐದು ಕುಂಡಗಳ ಹಾಡು

ಹೂಕುಂಡದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಠಣಕ್ಕ ಎಂದೇ ಕರೆಯುತ್ತಿದ್ದರು. ಭಟ್ಟಿಯಿಂದ ಹೊರಬಂದು ತಣಿದ ಪ್ರತಿ ಕುಂಡವನ್ನೂ ಮರದ ಸುತ್ತಿಗೆಯಿಂದ ಒಮ್ಮೆ ತಟ್ಟಬೇಕು. ಠಣ್ ಎಂದರೆ ಲಾರಿಗೆ, ದಪ್ ಎಂದರೆ ಒಡಕಿನ ರಾಶಿಗೆ. ಅದು ಅವಳ ಕೆಲಸ. ಎಷ್ಟೋ ವರ್ಷ ಬರೀ ಕಿವಿಯಿಂದಲೇ ಮಾಡಿದ್ದಳು. ಆಮೇಲೆ ಮಾಲೀಕರು ಒಂದು ಮೈಕು, ಒಂದು ಕಂಪ್ಯೂಟರು ತಂದು ಅವಳ ಮೇಜಿನ ಮೇಲೆ ಕೂರಿಸಿದರು. ಕುಂಡವನ್ನು ತಟ್ಟಿದರೆ ಅದರ ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸಿತು ಎಂಬ ಸಂಖ್ಯೆ ಪರದೆಯ ಮೇಲೆ ಮೂಡುತ್ತಿತ್ತು. ದಪ್ಪ ದನಿಗೆ ಸಣ್ಣ ಸಂಖ್ಯೆ, ಕೀಚಲು ದನಿಗೆ ದೊಡ್ಡದು.

‘ಠಣಕ್ಕನ ಕಿವಿಗೆ ಇನ್ನು ರಜೆ’ ಎಂದು ಪ್ಯಾಕಿಂಗಿನವರು ನಕ್ಕರು. ಅವಳೋ ರಜೆಯನ್ನು ಕೊಟ್ಟರೂ ಬೇಡ ಎನ್ನುವ ಜಾಯಮಾನದವಳು. ಯಂತ್ರದ ಪ್ರೋಗ್ರಾಮು ಬರೆದಿದ್ದವನಿಗೆ ಒಂದು ಸಂಖ್ಯೆ ಬದಲಾಯಿಸಬೇಕೆಂದು ಫೋನು ಮಾಡಿದರೂ ‘ನಾಳೆ ಬರ್ತೀನಿ’ ಎನ್ನುತ್ತಿದ್ದ, ಆ ನಾಳೆಗೆ ಬೆಳಗಾಗುತ್ತಲೇ ಇರಲಿಲ್ಲ. ಅವನನ್ನು ಕಾದು ಕಾದು ಬೇಸತ್ತು ಅವಳು ಭಾನುವಾರಗಳಂದು ಗ್ರಂಥಾಲಯದಲ್ಲಿ ನಡೆಯುವ ಪೈಥಾನ್ ಎಂಬ ಪ್ರೋಗ್ರಾಮು ಭಾಷೆಯ ತರಗತಿಗೆ ಸೇರಿಕೊಂಡಳು. ಐವತ್ತರ ಹೊಸ್ತಿಲಲ್ಲಿ ನಿಂತು ಮತ್ತೆ ಬೆಂಚಿನ ಮೇಲೆ ಕೂರುವುದು ಮೊದಮೊದಲು ಮುಜುಗರವೆನಿಸಿತು. ಆದರೆ ತಾನು ಬರೆದ ನಾಲ್ಕು ಸಾಲು ತಾನು ಹೇಳಿದಂತೆ ಕೇಳಿದ ದಿನ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಯಲ್ಲಿ ಯಾರೂ ತನ್ನ ಮಾತನ್ನು ಅಷ್ಟು ಸಲೀಸಾಗಿ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

ಮನೆಯಲ್ಲಿ ಇದ್ದದ್ದು ಮೂವರು. ಅವಳು, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಗಂಡ, ಗಂಡನ ತಂಗಿ. ನಾದಿನಿ ಶಾಲೆಯಲ್ಲಿ ಹಾಡು ಕಲಿಸುವ ಟೀಚರು. ಠಣಕ್ಕ ಅದನ್ನು ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು: ‘ನಾದಿನಿಯಲ್ಲಿ ನಾದ ಇರಲೇಬೇಕಲ್ಲ, ಇಲ್ಲದಿದ್ದರೆ ಬರೀ ‘ನಿ’ ಉಳಿಯುತ್ತೆ.’ ನಲವತ್ತು ದಾಟಿದ ಆ ನಾದಿನಿಗೆ ಈಗ ಮದುವೆ ಗೊತ್ತಾಗಿತ್ತು. ವರ ಬೇರಾರೂ ಅಲ್ಲ, ಇದೇ ಕಾರ್ಖಾನೆಯ ಭಟ್ಟಿ ಮೇಸ್ತ್ರಿ. ಶಾಲೆಯ ತೋಟಕ್ಕೆ ಕುಂಡ ಇಳಿಸಲು ಹೋದವನು ಕೆಲಸ ಮಾಡುತ್ತಾ ಶಿಳ್ಳೆ ಹಾಕಿದ್ದನಂತೆ. ಟೀಚರಮ್ಮ ಕಿಟಕಿಯಿಂದ ತಲೆ ಹೊರಹಾಕಿ, ‘ಅದರಲ್ಲಿ ಒಂದಾದರೂ ಸ್ವರ ಸರಿಯಿದ್ದಿದ್ದರೆ ಸುಮ್ಮನಿರ್ತಿದ್ದೆ’ ಎಂದಳಂತೆ. ಆಮೇಲೆ ಆ ಶಾಲೆಗೆ ಅದೆಷ್ಟು ಕುಂಡ ಬೇಕಾದವೋ ಲೆಕ್ಕವಿಲ್ಲ.

ಮದುವೆಗೆ ಇನ್ನು ಮೂರು ವಾರ ಇದ್ದಾಗ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಮೇಸ್ತ್ರಿ ಅವಳ ಮೇಜಿನ ಮುಂದೆ ಬಂದು ನಿಂತ. ಒಳಗೆ ಬೆಂಕಿ ಭೋರ್ಗರೆಯುತ್ತಿದ್ದರೂ ಭಟ್ಟಿಯ ಬಾಗಿಲಿಗೆ ಅಂಜದ ಆಳು ಕೈಯಲ್ಲಿದ್ದ ಚರ್ಮದ ಕೈಗವಸನ್ನು ಹಿಂಡುತ್ತಾ ನಿಂತಿದ್ದ.

“ಅಕ್ಕ, ಒಂದು ಮಾತು. ನಗಬಾರದು.”

“ನಗೋದು ಬಿಡೋದು ಮಾತಿನ ಮೇಲೆ. ಹೇಳು.”

“ಅವಳು ಒಂದು ರಾಗ ಗುನುಗ್ತಾಳಲ್ಲ, ಬಟ್ಟೆ ಮಡಚುವಾಗ. ಮದುವೆ ದಿನ ಅದನ್ನ ನಾನು ನುಡಿಸಬೇಕು ಅಂತ.”

ಠಣಕ್ಕ ತುತ್ತು ಬಾಯಿಗಿಡುವುದನ್ನು ನಿಲ್ಲಿಸಿದಳು. “ನೀನಾ? ಯಾವುದರ ಮೇಲೆ?”

“ನಮ್ಮ ಕುಂಡದ ಮೇಲೆ. ನಾನೇ ಸುಟ್ಟ ಕುಂಡ. ಬೋರಲು ಹಾಕಿ ಒಂದು ಕಂಬಿಗೆ ನೇತುಹಾಕೋದು. ಯಾವ ಕುಂಡ ಯಾವ ಸ್ವರ ಅಂತ ನೀವು ಆರಿಸಿಕೊಟ್ರೆ, ಒಂದಾದ ಮೇಲೆ ಒಂದು ತಟ್ಟೋದು ನನ್ನ ಪಾಲು. ನನಗೆ ಸ್ವರ ತಿಳಿಯಲ್ಲ. ತಟ್ಟೋ ಸಾಲು ಬಾಯಿಪಾಠ ಮಾಡಬಲ್ಲೆ.” ಕೈಗವಸನ್ನು ಮೇಜಿನ ಮೇಲಿಟ್ಟು, “ಇಷ್ಟು ವರ್ಷ ಅವಳೇ ಎಲ್ಲರಿಗೂ ಹಾಡಿದ್ದು. ಅವಳಿಗೆ ಅಂತ ಯಾರೂ ಏನೂ ಹಾಡಿಲ್ಲವಂತೆ” ಎಂದ.

ಅವಳು ನಗಲಿಲ್ಲ. ನಗಬೇಕೆನಿಸಿತ್ತು, ಆದರೆ ಆ ಕೊನೆಯ ಮಾತು ಕೇಳಿ ಊಟದ ಡಬ್ಬಿ ಮುಚ್ಚಿಟ್ಟಳು. ಒಂದೇ ಒಂದು ಷರತ್ತು ಹಾಕಿದಳು: ಈ ವಿಷಯ ತನ್ನ ಗಂಡನ ಕಿವಿಗೆ ಬೀಳಕೂಡದು. ಊರ ಜನರ ಕಾಗದವನ್ನು ಮುಚ್ಚಿದ ಲಕೋಟೆಯಲ್ಲೇ ತಲುಪಿಸುವ ಮನುಷ್ಯನೇನೋ ಹೌದು, ಆದರೆ ಅವನ ಬಾಯಲ್ಲಿ ಸುದ್ದಿ ಎಂಬುದು ಬಿಸಿ ಗೆಣಸಿನಂತೆ, ಒಂದು ಗಳಿಗೆ ನಿಲ್ಲದು.

ಮೊದಲು ರಾಗ ಬೇಕಿತ್ತು. ಅಂದು ಸಂಜೆ ನಾದಿನಿ ಒಣಗಿದ ಬಟ್ಟೆಯ ಗುಡ್ಡದ ಮುಂದೆ ಕೂತು ಗುನುಗತೊಡಗಿದಾಗ ಠಣಕ್ಕ ಫೋನು ಹಿಡಿದು ಬಾಗಿಲ ಮರೆಯಲ್ಲಿ ನಿಂತಳು.

“ಅತ್ತಿಗೆ, ಅಲ್ಲಿ ಏನು ಮಾಡ್ತಿದ್ದೀರಿ?”

“ಬಾಗಿಲು ಕಿರುಗುಟ್ಟುತ್ತಿತ್ತು, ಎಣ್ಣೆ ಬಿಡಬೇಕೇನೋ ಅಂತ ನೋಡ್ತಿದ್ದೆ. ನೀನು ಹಾಡು.”

ಮರುದಿನ ಆ ಧ್ವನಿಯನ್ನು ಯಂತ್ರಕ್ಕೆ ಕೇಳಿಸಿದಳು. ಇಡೀ ರಾಗದಲ್ಲಿ ಇದ್ದದ್ದು ಐದೇ ಸ್ವರ. ಐದು ಸಂಖ್ಯೆ ಬಂದವು. ಕುಂಡಗಳ ದನಿ ಹೆಣ್ಣುದನಿಗಿಂತ ಒಂದು ಸ್ಥಾಯಿ ಮೇಲಿರುತ್ತದೆ, ಒಂದು ಸ್ಥಾಯಿ ಏರಿದರೆ ಸಂಖ್ಯೆ ಎರಡರಷ್ಟಾಗುತ್ತದೆ. ಹಾಗಾಗಿ ಎಲ್ಲವನ್ನೂ ಇಮ್ಮಡಿ ಮಾಡಿದಳು: ಐನೂರ ಇಪ್ಪತ್ಮೂರು, ಐನೂರ ಎಂಬತ್ತೇಳು, ಹೀಗೆ ಏರುತ್ತಾ ಕೊನೆಯದು ಎಂಟುನೂರ ಎಂಬತ್ತು. ಮಣ್ಣಿನ ಕುಂಡ ಇಂಥದೇ ಸಂಖ್ಯೆಗೆ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಒಂದೊಂದಕ್ಕೂ ಮೂರು ಕಡಿಮೆ, ಮೂರು ಹೆಚ್ಚು ಎಂದು ಎಲ್ಲೆ ಹಾಕಿಕೊಂಡಳು. ಐನೂರ ಇಪ್ಪತ್ತರಿಂದ ಐನೂರ ಇಪ್ಪತ್ತಾರರ ಒಳಗಿದ್ದರೆ ಅದು ಮೊದಲನೆಯ ಸ್ವರದ ಕುಂಡ.

ಅಂಗಳದಲ್ಲಿ ಭಟ್ಟಿಯಿಂದ ಬಂದ ಒಂಬತ್ತು ಗಾಡಿಗಳು ಹಳಿಯ ಮೇಲೆ ಸಾಲಾಗಿ ನಿಂತಿದ್ದವು. ಒಂದೊಂದು ಗಾಡಿಯಲ್ಲಿ ಆರು ಹಲಗೆ, ಒಂದೊಂದು ಹಲಗೆಯ ಮೇಲೆ ಒಂದು ಸಾಲು ಕುಂಡ. ಎಲ್ಲವನ್ನೂ ಅವಳೇ ತಟ್ಟಿ ಅದರದರ ಜಾಗದಲ್ಲಿ ವಾಪಸು ಇಟ್ಟಿದ್ದಳು. ಕಂಪ್ಯೂಟರಿನೊಳಗೂ ಅದೇ ಜೋಡಣೆ. ಅಂಗಳ ಎಂಬುದು ಒಂದು ಪಟ್ಟಿ, ಅದರೊಳಗೆ ಗಾಡಿಗಳೆಂಬ ಪಟ್ಟಿಗಳು, ಗಾಡಿಯೊಳಗೆ ಹಲಗೆಗಳೆಂಬ ಪಟ್ಟಿಗಳು, ಹಲಗೆಯೊಳಗೆ ಕುಂಡಗಳ ಸಂಖ್ಯೆ. ಈರುಳ್ಳಿಯಂತೆ ಸಿಪ್ಪೆಯೊಳಗೆ ಸಿಪ್ಪೆ. ಜರಡಿ ಹಿಡಿಯುವುದು ಸುಲಭ ಎಂದುಕೊಂಡಳು. ಪೈಥಾನಿನಲ್ಲಿ ಕೆಳಗಿನ ಎಲ್ಲೆಯನ್ನು ಎಡಕ್ಕೆ, ಮೇಲಿನದನ್ನು ಬಲಕ್ಕೆ ಬರೆದು ನಡುವೆ ಸಂಖ್ಯೆಯನ್ನು ಕೂರಿಸಿದರೆ ಆಯಿತು, ಎರಡು ಗೋಡೆಯ ನಡುವೆ ಕುರ್ಚಿ ಹಾಕಿದ ಹಾಗೆ.

ಬರೆದು ಓಡಿಸಿದಳು. ಪರದೆ ಕೆಂಪಗಾಯಿತು. ಪಟ್ಟಿಯನ್ನೂ ಸಂಖ್ಯೆಯನ್ನೂ ಹೋಲಿಸಲಾರೆ ಎಂದು ಅದರ ದೂರು. ನೋಡಿದರೆ ಅವಳು ಗಾಡಿಯವರೆಗೆ ಹೋಗಿ ಅಲ್ಲೇ ನಿಂತು, ಇಡೀ ಹಲಗೆಯನ್ನೇ ಎತ್ತಿ ‘ನೀನು ಐನೂರ ಇಪ್ಪತ್ತಕ್ಕಿಂತ ಹೆಚ್ಚೋ ಕಡಿಮೆಯೋ’ ಎಂದು ಕೇಳಿದ್ದಳು. ಹಲಗೆ ಏನೆಂದು ಉತ್ತರ ಹೇಳೀತು? ಇನ್ನೊಂದು ಸುತ್ತು ಒಳಕ್ಕೆ ಇಳಿದು ಕುಂಡವನ್ನೇ ಕೇಳುವಂತೆ ತಿದ್ದಿದಳು. ಆಗ ಉತ್ತರ ಬಂತು. ಹೊಂದುವ ಕುಂಡಗಳು ಉಳಿದವು, ಹೊಂದದವು ಮಾಯವಾದವು. ಒಂದೂ ಹೊಂದದ ಹಲಗೆಗಳು ಖಾಲಿ ಪಟ್ಟಿಗಳಾಗಿ ನಿಂತು ಕಣ್ಣಿಗೆ ಕಸದಂತೆ ಕಂಡವು. ಅಚ್ಚುಕಟ್ಟಿನ ಹೆಂಗಸು, ಅವನ್ನೂ ಗುಡಿಸಿ ಹಾಕಿದಳು. ಉಳಿದದ್ದನ್ನು ನೋಡಿ ನೋಡಿ ಚೀಟಿಯಲ್ಲಿ ಬರೆದಳು: ನಾಲ್ಕನೇ ಗಾಡಿ, ಎರಡನೇ ಹಲಗೆ, ಒಂದನೇ ಕುಂಡ. ಹೀಗೇ ನಾಲ್ಕು ಸ್ವರಕ್ಕೆ. ಐದನೆಯದಕ್ಕೆ ಏನೂ ಬಂದಿರಲಿಲ್ಲ, ಅದನ್ನು ಆಮೇಲೆ ನೋಡೋಣ ಎಂದುಕೊಂಡಳು.

ಮೇಸ್ತ್ರಿ ಚೀಟಿ ಹಿಡಿದು ಹೋಗಿ ನಾಲ್ಕು ಕುಂಡ ತಂದ. ಹಳೆಯ ಅಚ್ಚುಗಳನ್ನಿಡುವ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಕಂಬಿಗೆ ತೂಗುಹಾಕಿದರು. ಕೋಲಿನ ತುದಿಗೆ ಬಟ್ಟೆ ಸುತ್ತಿಕೊಂಡು ಅವನು ತಟ್ಟತೊಡಗಿದ, ಐದನೆಯದರ ಜಾಗದಲ್ಲಿ ಗಾಳಿಗೆ ಹೊಡೆಯುತ್ತಾ. ಅದು ರಾಗವಾಗಿರಲಿಲ್ಲ. ಬೆಕ್ಕೊಂದು ಅಟ್ಟದಿಂದ ಪಾತ್ರೆಗಳನ್ನು ಒಂದೊಂದಾಗಿ ಕೆಡವಿದಂತಿತ್ತು.

“ಹೇಗಿದೆ ಅಕ್ಕ?” ಅವನ ಮುಖ ಸಂಭ್ರಮದಿಂದ ಅರಳಿತ್ತು. ಅವನಿಗೆ ನಿಜವಾಗಿಯೂ ಏನೂ ತಿಳಿದಿರಲಿಲ್ಲ.

ಅವಳ ಮುಖ ನೋಡಿ ತಿಳಿಯಿತು. ಕೋಲು ಕೆಳಗಿಟ್ಟ. “ಬಿಡಿ ಅಕ್ಕ. ನನ್ನ ಕೈಯೇ ಅಪಸ್ವರ. ಶಿಳ್ಳೆ ಹಾಕಿದಾಗಲೇ ಅವಳು ಹೇಳಿದ್ದಳು. ಮದುವೆ ದಿನ ನಗೆಪಾಟಲಾಗೋದು ಬೇಡ.”

“ಕೈಗೆ ಏನು ಗೊತ್ತು, ಅದು ಹೇಳಿದ ಕಡೆ ಹೊಡೆಯುತ್ತೆ,” ಎಂದಳು ಠಣಕ್ಕ. “ತಪ್ಪಿದ್ದರೆ ಹೇಳಿದವರದು. ನನ್ನದು. ಹೋಗಿ ಟೀ ಕುಡಿದು ಬಾ.”

ಅವನು ಹೋದ ಮೇಲೆ ಆ ನಾಲ್ಕನ್ನೂ ಮೈಕಿನ ಮುಂದೆ ತಟ್ಟಿದಳು. ಒಂದರ ಸಂಖ್ಯೆಯೂ ಎಲ್ಲೆಯ ಹತ್ತಿರ ಸುಳಿಯಲಿಲ್ಲ. ಅಂದರೆ ಇವು ತಾನು ಹೇಳಿದ ಕುಂಡಗಳೇ ಅಲ್ಲ. ಅವನು ಚೀಟಿ ತಪ್ಪಾಗಿ ಓದಿದನೆ? ತಾನೇ ಎದ್ದು ನಾಲ್ಕನೇ ಗಾಡಿಯ ಬಳಿ ಹೋದಳು. ಎರಡನೇ ಹಲಗೆಯ ಮೊದಲ ಜಾಗ ಖಾಲಿಯಿತ್ತು. ಅವನು ಸರಿಯಾಗಿಯೇ ತೆಗೆದಿದ್ದ. ಗಾಡಿಯ ಮುಂದೆ ನಿಂತು ಬೆರಳು ಮಡಚುತ್ತಾ ಹಲಗೆ ಎಣಿಸಿದಳು: ಆರು. ಮೇಜಿಗೆ ಬಂದು ಪರದೆಯಲ್ಲಿ ಅದೇ ಗಾಡಿಯನ್ನು ಎಣಿಸಿದಳು: ಮೂರು.

ಹಣೆ ಚಚ್ಚಿಕೊಳ್ಳುವಂತಾಯಿತು. ಬೇಡದ್ದನ್ನು ಎತ್ತಿ ಎಸೆದಾಗ ಹಿಂದಿನದು ಮುಂದಕ್ಕೆ ಜರುಗುತ್ತದೆ. ಐದನೇ ಹಲಗೆ ಎರಡನೆಯದಾಗಿತ್ತು, ಏಳನೆಯ ಕುಂಡ ಒಂದನೆಯದಾಗಿತ್ತು. ಸಂಖ್ಯೆಗಳನ್ನು ಸರಿಯಾಗಿ ಆರಿಸಿ ಅವುಗಳ ವಿಳಾಸವನ್ನು ತಾನೇ ಅಳಿಸಿ ಹಾಕಿದ್ದಳು. ಬಸ್ಸಿನಲ್ಲಿ ಪಕ್ಕದವರು ಇಳಿದರೆಂದು ಅವರ ಸೀಟನ್ನೂ ಕಿತ್ತು ಹೊರಗೆ ಹಾಕಿದಂತಾಗಿತ್ತು.

ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಲ್ಲೆಯೊಳಗಿದ್ದರೆ ಕುಂಡದ ಸಂಖ್ಯೆಯನ್ನೇ ಇಡು, ಇಲ್ಲದಿದ್ದರೆ ಅದರ ಜಾಗದಲ್ಲಿ ಒಂದು ಸೊನ್ನೆ ಇಡು, ಯಾವ ಹಲಗೆಯನ್ನೂ ಬಿಡಬೇಡ ಎಂದು ಬರೆದಳು. ಈ ಸಲ ಪರದೆಯ ತುಂಬ ಸೊನ್ನೆಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಸಂಖ್ಯೆ, ಗಾಡಿಯಲ್ಲಿ ಹೇಗೋ ಹಾಗೆಯೇ ತಂತಮ್ಮ ಜಾಗದಲ್ಲಿ ಕೂತಿದ್ದವು. ಟೀ ಕುಡಿದು ಬಂದ ಮೇಸ್ತ್ರಿಯನ್ನು ಮತ್ತೆ ಅಟ್ಟಿದಳು. ಐದನೇ ಹಲಗೆ, ಏಳನೇ ಕುಂಡ. ಅವನು ತಂದು ತೂಗುಹಾಕಿ ತಟ್ಟಿದ. ನಾದಿನಿಯ ದನಿಯೇ ಮಣ್ಣಿನಿಂದ ಹೊರಟ ಹಾಗೆ ಒಂದು ಸ್ವರ ಎದ್ದು ಕೊಠಡಿ ತುಂಬಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಠಣಕ್ಕ ಒಂದು ಹಳೆಯ ಅಚ್ಚಿನ ಮೇಲೆ ಕೂತುಬಿಟ್ಟಳು. ಅವನು ಈ ಸಲ ಏನೂ ಕೇಳಲಿಲ್ಲ, ಅವಳ ಮುಖವನ್ನೇ ನೋಡಿ ಹಲ್ಲು ಬಿಟ್ಟ.

ಐದನೆಯದು ಮಾತ್ರ ಕೈಗೆ ಸಿಗಲೊಲ್ಲದು. ಎಂಟುನೂರ ಎಂಬತ್ತರ ಆಸುಪಾಸು ಒಂಬತ್ತು ಗಾಡಿಗೂ ಬರೀ ಸೊನ್ನೆ. ಎಲ್ಲೆಯನ್ನು ಸಡಿಲಿಸಿ ಹದಿನೈದು ಕಡಿಮೆ, ಹದಿನೈದು ಹೆಚ್ಚು ಮಾಡಿದಾಗ ತಗ್ಗಿನ ಕಡೆಗೆ ಒಂದು ಬಂತು. ತಟ್ಟಿ ನೋಡಿದರೆ ಮೂಗು ಕಟ್ಟಿದವರ ಹಾಡಿನಂತೆ ಕೇಳಿಸಿತು.

“ಇದು ಸಾಲದಾ?” ಎಂದ ಮೇಸ್ತ್ರಿ.

“ನಿನಗೆ ಸಾಕು, ನನಗೂ ಸಾಕು. ಅವಳಿಗೆ ಸಾಲಲ್ಲ. ಅವಳ ಕಿವಿ ನಿನಗೆ ಗೊತ್ತಲ್ಲ.”

ಅವನು ಆ ಕುಂಡವನ್ನು ಕೈಯಲ್ಲಿ ತಿರುಗಿಸಿದ. ಅಂಚು ಸವರಿದ, ಬುಡ ನೋಡಿದ. ಸ್ವರದ ವಿಷಯ ಬಂದಾಗ ತಗ್ಗುತ್ತಿದ್ದ ಅವನ ಭುಜ ಈಗ ನೆಟ್ಟಗಾಯಿತು.

“ಸಿಗದಿದ್ದರೆ ಸುಡೋಣ ಬಿಡಿ,” ಎಂದ. “ಇದೇ ಅಳತೆಯದು, ಬೆಂಕಿ ಇನ್ನೂ ಸ್ವಲ್ಪ ಹೆಚ್ಚು ಕುಡಿದರೆ ಮಣ್ಣು ಬಿಗಿಯಾಗುತ್ತೆ. ಬಿಗಿಯಾದರೆ ದನಿ ಮೇಲೆ ಹೋಗಲೇಬೇಕು. ಭಟ್ಟಿಯಲ್ಲಿ ಉರಿಯ ಬಾಯಿ ಪಕ್ಕ ಒಂದು ಜಾಗ ಇದೆ. ಅಲ್ಲಿಟ್ಟಿದ್ದು ಕೆಲವು ಸೊಟ್ಟಗಾಗುತ್ತೆ, ಅದಕ್ಕೇ ಯಾರೂ ಅಲ್ಲಿ ಇಡಲ್ಲ. ಇಟ್ಟು ನೋಡ್ತೀನಿ.”

ಮುಂದಿನ ಸಲ ಸುಡುವಾಗ ಆ ಜಾಗಕ್ಕೆ ಒಂದು ಹಲಗೆ ಹಸಿ ಕುಂಡ ಹೋಯಿತು. ಭಟ್ಟಿ ಉರಿದು ಆರುವಷ್ಟು ಕಾಲವೂ ಮೇಸ್ತ್ರಿ ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಅತ್ತಿಂದಿತ್ತ ನಡೆದ. ಗಾಡಿ ಹೊರಬಂದು ತಣಿದದ್ದೇ ಇಬ್ಬರೂ ಮೈಕಿನ ಮುಂದೆ ಕೂತರು. ಮೊದಲನೆಯದು ಎಂಟುನೂರ ಅರವತ್ತೊಂಬತ್ತು. ಎರಡನೆಯದು ಬಾಯಿ ಸೊಟ್ಟಗಾಗಿ ಸಿಡುಕಿದಂತೆ ಸದ್ದು ಮಾಡಿತು. ಮೂರನೆಯದು ಒಂಬೈನೂರು ದಾಟಿ ಹಾರಿಹೋಯಿತು. ಅವಳು ನಾಲ್ಕನೆಯದನ್ನು ಎತ್ತಿ ತಟ್ಟಿದಳು. ಪರದೆ ನೋಡುವ ಮೊದಲೇ ಕಿವಿ ಹೇಳಿತು. ಆಮೇಲೆ ಪರದೆಯೂ ಹೇಳಿತು: ಎಂಟುನೂರ ಎಪ್ಪತ್ತೊಂಬತ್ತು.

ಮೇಸ್ತ್ರಿ ಆ ಕುಂಡವನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಆಮೇಲೆ ಅದನ್ನು ಎಚ್ಚರದಿಂದ ಮೇಜಿನ ಮೇಲಿಟ್ಟು, ಇಡೀ ಪ್ಯಾಕಿಂಗ್ ವಿಭಾಗಕ್ಕೆ ಟೀ ತರಿಸಿದ. ಯಾಕೆಂದು ಯಾರು ಕೇಳಿದರೂ ಹೇಳಲಿಲ್ಲ.

ಮದುವೆ ನೋಂದಣಿ ಕಚೇರಿಯಲ್ಲಿ ಒಂದು ಸಹಿಯಲ್ಲಿ ಮುಗಿಯಿತು. ಅಲ್ಲಿಂದ ಎಲ್ಲರೂ ಕಾರ್ಖಾನೆಯ ಅಂಗಳಕ್ಕೆ ಬಂದರು. ಮಾಲೀಕರು ಗಾಡಿಗಳನ್ನು ಬದಿಗೆ ಸರಿಸಿ, ಮೇಜು ಹಾಕಿಸಿ, ತಿಂಡಿಗೆ ಏರ್ಪಾಟು ಮಾಡಿಸಿದ್ದರು. ಶಾಲೆಯ ಟೀಚರುಗಳು ಒಂದು ಕಡೆ, ಧೂಳು ಕೊಡವಿಕೊಂಡು ಹೊಸ ಅಂಗಿ ತೊಟ್ಟ ಕೆಲಸಗಾರರು ಇನ್ನೊಂದು ಕಡೆ. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಏನೋ ಒಂದು ನಿಂತಿತ್ತು. ಠಣಕ್ಕನ ಗಂಡ ಅದರ ಸುತ್ತ ಎರಡು ಸಲ ಸುತ್ತು ಹಾಕಿ ಬಂದು, “ಅದೇನದು?” ಎಂದು ಕೇಳಿದ.

“ನನಗೇನು ಗೊತ್ತು ರೀ,” ಎಂದಳು ಅವಳು.

ಮೇಸ್ತ್ರಿ ಹೋಗಿ ಬಟ್ಟೆ ಎಳೆದ. ಕಂಬಿಯಲ್ಲಿ ಐದು ಕುಂಡ ಬೋರಲಾಗಿ ತೂಗುತ್ತಿದ್ದವು. ಅಂಗಳ ಗುಜುಗುಜು ನಿಲ್ಲಿಸಿತು. ಅವನು ಕೋಲೆತ್ತಿಕೊಂಡು, ಯಾರನ್ನೂ ನೋಡದೆ, ತಟ್ಟಲು ಶುರುಮಾಡಿದ. ಮೊದಲ ನಾಲ್ಕು ಸ್ವರ ಬೀಳುತ್ತಲೇ ಮದುಮಗಳ ಕೈಯಲ್ಲಿದ್ದ ತಟ್ಟೆ ಪಕ್ಕದವರ ಕೈಗೆ ಹೋಯಿತು. ಆದರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು, ಎದೆಯ ಜೊತೆಗೆ ಕೈಯೂ ಓಡಿತು. ರಾಗ ಇಳಿಜಾರಿನಲ್ಲಿ ಬಿಟ್ಟ ಚಕ್ರದಂತೆ ಉರುಳತೊಡಗಿತು.

“ನಿಲ್ಲಿಸಿ,” ಎಂದಳು ನಾದಿನಿ.

ಕೋಲು ಗಾಳಿಯಲ್ಲೇ ನಿಂತಿತು. ಯಾರೋ ಕೆಮ್ಮಿದರು.

ನಾದಿನಿ ಮೇಜು ಬಳಸಿ ಅವನ ಎದುರಿಗೆ ಬಂದು ನಿಂತಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ತರಗತಿಯ ದನಿಯೇ. “ತಾಳ ಓಡ್ತಿದೆ. ಸ್ವರ ಎಲ್ಲ ಸರಿಯಾಗಿದೆ, ಒಂದೂ ತಪ್ಪಿಲ್ಲ. ಉಸಿರು ತಗೊಳ್ಳಿ. ಮೊದಲಿಂದ.”

ಶಾಲೆಯ ಟೀಚರುಗಳು ಮೊದಲು ನಕ್ಕರು, ಆಮೇಲೆ ಅಂಗಳವೇ ನಕ್ಕಿತು. ಮೇಸ್ತ್ರಿಯೂ ನಕ್ಕ, ನಕ್ಕಿದ್ದಕ್ಕೆ ಅವನ ಭುಜ ಸಡಿಲವಾಯಿತು. ಉಸಿರೆಳೆದುಕೊಂಡ. ಅವಳು ಅಂಗೈ ಮೇಲೆ ಅಂಗೈ ತಟ್ಟುತ್ತಾ ತಾಳ ಹಾಕಿದಳು, ಅವನು ಆ ಕೈಯನ್ನೇ ನೋಡುತ್ತಾ ನುಡಿಸಿದ. ಅರ್ಧ ದಾರಿಯಲ್ಲಿ ಅವಳು ತಾಳದ ಜೊತೆಗೆ ಹಾಡತೊಡಗಿದಳು. ಮಣ್ಣಿನ ದನಿ ಮೇಲೆ, ಅವಳ ದನಿ ಒಂದು ಸ್ಥಾಯಿ ಕೆಳಗೆ, ಎರಡೂ ಒಂದರ ಪಕ್ಕ ಒಂದು ನಡೆದವು. ಠಣಕ್ಕ ಕಂಡದ್ದು ಇಷ್ಟೇ: ಹದಿನೈದು ವರ್ಷ ತನ್ನ ಮನೆಯ ಗೋಡೆಗಳಷ್ಟೇ ಕೇಳಿದ್ದ ರಾಗವನ್ನು ಇಂದು ಇಷ್ಟು ಜನ ಕೇಳುತ್ತಿದ್ದಾರೆ. ನಾಳೆಯಿಂದ ಆ ಮನೆ ಮೂಕವಾಗುತ್ತದಲ್ಲ ಎಂಬುದು ಒಂದು ಗಳಿಗೆ ಚುರುಕ್ಕೆಂದಿತು. ಮೇಸ್ತ್ರಿಯ ಮನೆ ಎರಡೇ ಬೀದಿ ಆಚೆ ಎಂಬುದು ನೆನಪಾಗಿ ಆ ಚುರುಕು ಇಳಿಯಿತು.

ಮುಗಿದಾಗ ಅವಳ ಗಂಡ ಕರವಸ್ತ್ರಕ್ಕೆ ಮುಖ ಒತ್ತಿಕೊಂಡು ಗಟ್ಟಿಯಾಗಿ ಅಳುತ್ತಿದ್ದ. ಅತ್ತು ಮುಗಿಸಿ, “ಇಷ್ಟು ದಿನ ನನಗೊಂದು ಮಾತು ಹೇಳಬಾರದಿತ್ತಾ?” ಎಂದು ಮುನಿಸಿಕೊಂಡ.

“ಹೇಳಿದ್ರೆ ಇವತ್ತು ಅಳೋಕೆ ನಿಮಗೆ ಏನು ಉಳೀತಿತ್ತು?” ಎಂದಳು ಠಣಕ್ಕ.

ಸಂಜೆವರೆಗೆ ಕುಂಡಗಳಿಗೆ ಬಿಡುವಿರಲಿಲ್ಲ. ಪ್ಯಾಕಿಂಗಿನವರು, ಲಾರಿ ಓಡಿಸುವವನು, ಶಾಲೆಯ ಮುಖ್ಯೋಪಾಧ್ಯಾಯಿನಿ, ಎಲ್ಲರೂ ಒಂದೊಂದು ಸಲ ಕೋಲು ಹಿಡಿದರು. ಆ ಗದ್ದಲದ ನಡುವೆ ನಾದಿನಿ ಬಂದು ಅತ್ತಿಗೆಯ ತೋಳು ಹಿಡಿದಳು.

“ಅವರು ಎಲ್ಲ ಹೇಳಿದ್ರು. ಸೊನ್ನೆ ಇಟ್ಟಿದ್ದು, ಹಲಗೆ ಜರುಗಿದ್ದು. ನನಗೆ ಅರ್ಧ ಅರ್ಥವಾಯ್ತು.”

“ಉಳಿದರ್ಧ ಭಾನುವಾರ ಬಾ, ಹೇಳಿಕೊಡ್ತೀನಿ.”

“ಬರ್ತೀನಿ. ಆದರೆ ಅತ್ತಿಗೆ, ಐದೇ ಯಾಕೆ? ಏಳೂ ಇದ್ದಿದ್ದರೆ ಶಾಲೆಯ ಮಕ್ಕಳಿಗೆ ಎಲ್ಲ ಹಾಡೂ ಇದರಲ್ಲೇ ಕಲಿಸಬಹುದಿತ್ತು.”

ಠಣಕ್ಕ ಅವಳನ್ನೇ ನೋಡಿದಳು. ಮೈಮೇಲಿನ ಮದುವೆ ಸೀರೆ ಇನ್ನೂ ಮಡಿಕೆ ಮುರಿದಿರಲಿಲ್ಲ, ಆಗಲೇ ಮನಸ್ಸು ತರಗತಿಗೆ ಹೊರಟಿತ್ತು.

ಸೋಮವಾರ ಬೆಳಿಗ್ಗೆ ಹೊಸ ಗಾಡಿಗಳು ಅಂಗಳಕ್ಕೆ ಬಂದವು. ಠಣಕ್ಕ ಒಂದೊಂದನ್ನೂ ತಟ್ಟಿ ಅದರದರ ಜಾಗಕ್ಕೆ ಇಟ್ಟು, ಮಧ್ಯಾಹ್ನದ ಬಿಡುವಿನಲ್ಲಿ ಪ್ರೋಗ್ರಾಮು ತೆರೆದು ಉಳಿದೆರಡು ಸ್ವರಕ್ಕೆ ಹೊಸ ಎಲ್ಲೆಗಳನ್ನು ಸೇರಿಸಿದಳು. ಆ ದಾರಿಯಲ್ಲೇ ಹೋಗುತ್ತಿದ್ದ ಮಾಲೀಕರು ಪರದೆಯ ತುಂಬ ಸೊನ್ನೆ ನೋಡಿ ಗಾಬರಿಯಾದರು.

“ಏನಿದು, ಎಲ್ಲ ಕುಂಡವೂ ಒಡೆದುಹೋಗಿದೆಯಾ?”

“ಒಂದೂ ಒಡೆದಿಲ್ಲ ಸಾರ್. ಇದು ನಮ್ಮ ನಾದಿನಿಯ ಕೆಲಸ,” ಎಂದು ಅವಳು ಸೊನ್ನೆಗಳ ನಡುವೆ ಮೂಡಿದ್ದ ಒಂದು ಸಂಖ್ಯೆಯ ಮೇಲೆ ಬೆರಳಿಟ್ಟಳು. “ಎರಡನೇ ಗಾಡಿ, ಮೂರನೇ ಹಲಗೆ, ಆರನೇ ಕುಂಡ. ಅತ್ತ ಹೇಗೂ ಹೋಗ್ತಿದ್ದೀರಿ, ಸ್ವಲ್ಪ ತಂದುಕೊಡ್ತೀರಾ?”

ಮಾಲೀಕರು ಅಂಗಿಯ ತೋಳು ಮಡಚಿಕೊಂಡು, ಹಲಗೆ ಎಣಿಸುತ್ತಾ ಗಾಡಿಯ ಕಡೆ ಹೊರಟರು.